ಬ್ರೌಸರ್ ಸಿಂಕ್: ಯಾವುದು ಮೊದಲು, ಯಾವುದು ಆಮೇಲೆ

ಕಳೆದ ತಿಂಗಳು ಪಾಂಡವಪುರದ ಕಡೆಯ ಒಬ್ಬ ಹುಡುಗ ಮಂಡ್ಯದ ನಮ್ಮ ಅಂಗಡಿಗೆ ಬಂದ. ನಮ್ಮದು ಆನ್‌ಲೈನ್ ಅರ್ಜಿ ಹಾಕಿಕೊಡುವ, ಜೆರಾಕ್ಸ್ ತೆಗೆಯುವ ಅಂಗಡಿ. ಫೋನನ್ನು ಮೇಜಿನ ಮೇಲಿಟ್ಟು, “ಅಣ್ಣಾ, ನನ್ ಬುಕ್‌ಮಾರ್ಕೆಲ್ಲಾ ಹೊಂಟೋಗವೆ. ಪಾಸ್‌ವರ್ಡೂ ಇಲ್ಲ” ಅಂದ.

“ಏನಪ್ಪ ಮಾಡ್ದೆ?”

“ಫೋನಲ್ಲಿ ಏನೂ ಮಾಡಿಲ್ಲ ಕಣಣ್ಣ. ಸೆಂಟರಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕ್ದೆ. ನಂದೇನೂ ಅಲ್ಲಿ ಉಳೀಬಾರ್ದು ಅಂತ ಎಲ್ಲಾ ಡಿಲೀಟ್ ಮಾಡ್ ಬಂದೆ.”

ಹುಡುಗ ಎಚ್ಚರಿಕೆಯಿಂದಲೇ ನಡೆದುಕೊಂಡಿದ್ದ. ತಪ್ಪಿದ್ದು ಕ್ರಮ ಮಾತ್ರ. ಸಿಂಕ್ ಅಂದರೆ ಒಂದೇ ಅಕೌಂಟ್ ಇರುವ ಫೋನ್, ಕಂಪ್ಯೂಟರ್ ಎಲ್ಲದರಲ್ಲೂ ಬುಕ್‌ಮಾರ್ಕ್ (ಗುರುತಿಟ್ಟ ಪುಟ), ಪಾಸ್‌ವರ್ಡ್ ಒಂದೇ ಥರ ಇರುವ ಹಾಗೆ ಬ್ರೌಸರ್ ನೋಡಿಕೊಳ್ಳುವುದು. ಅದು ಆನ್ ಇರುವಾಗಲೇ ಬುಕ್‌ಮಾರ್ಕ್‌ಗಳನ್ನು ಆರಿಸಿ ಅಳಿಸಿದ್ದ, ಪಾಸ್‌ವರ್ಡ್ ಮತ್ತು ಹಿಸ್ಟರಿಯನ್ನೂ ಅಳಿಸಿದ್ದ. ಸೆಂಟರಿನ ಕಂಪ್ಯೂಟರಿನಲ್ಲಿ ಅಳಿಸಿದ್ದು ಅವನ ಜೇಬಿನಲ್ಲಿದ್ದ ಫೋನಿನಲ್ಲೂ ಅಳಿಸಿಹೋಯಿತು.

ಇದೇ ತೊಂದರೆ ಹೊತ್ತು ಬರುವವರು ಒಬ್ಬಿಬ್ಬರಲ್ಲ. ಅದಕ್ಕೇ ಒಂದೊಂದು ಹಂತವನ್ನೂ ಬಿಡಿಸಿ ಬರೆಯುತ್ತಿದ್ದೇನೆ. ಒಂದು ಮಾತು ಮಾತ್ರ ಮೊದಲೇ ತಲೆಯಲ್ಲಿರಲಿ: ಸಿಂಕ್ ಅಂದರೆ ಜೆರಾಕ್ಸ್ ಅಲ್ಲ. ಜೆರಾಕ್ಸ್ ತೆಗೆದಿಟ್ಟರೆ ಮೂಲ ಹರಿದುಹೋದರೂ ಪ್ರತಿ ಉಳಿಯುತ್ತದೆ. ಸಿಂಕ್ ಹಾಗಲ್ಲ. ಅಣ್ಣ ತಮ್ಮ ಇಬ್ಬರೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದ ಹಾಗೆ ಅದು. ತಮ್ಮ ಒಂದು ಸಾಲು ಹೊಡೆದುಹಾಕಿದರೆ ಅಣ್ಣನಿಗೂ ಆ ಸಾಲು ಇಲ್ಲ.

ಹೆಚ್ಚಿನವರ ಹತ್ತಿರ ಇರುವುದು ಕ್ರೋಮ್ ಬ್ರೌಸರ್. ಹಾಗಾಗಿ ಹಂತಗಳನ್ನು ಅದರಲ್ಲೇ ಹೇಳುತ್ತೇನೆ. ಫೈರ್‌ಫಾಕ್ಸ್‌ನಲ್ಲಿ ಬೇರೆ ಇರುವುದನ್ನು ಕೊನೆಯ ಕಡೆ ಬರೆದಿದ್ದೇನೆ.

## ಕೈಯಲ್ಲಿ ಇರಬೇಕಾದ್ದು

ನಿಮ್ಮ ಬುಕ್‌ಮಾರ್ಕ್ ಸರಿಯಾಗಿರುವ ಒಂದು ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ಒಂದು ಪೆನ್‌ಡ್ರೈವ್, ಒಂದು ನೋಟ್‌ಬುಕ್, ಜೊತೆಗೆ ನಿಮ್ಮ ಜಿಮೇಲ್ ಪಾಸ್‌ವರ್ಡ್. ಪಾಸ್‌ವರ್ಡ್ ನಿಜಕ್ಕೂ ನೆನಪಿದೆಯಾ? “ಅದೇ ತಾನಾಗಿ ಲಾಗಿನ್ ಆಗುತ್ತೆ” ಅನ್ನುವವರು ಮೊದಲು ಅದನ್ನು ಸರಿಮಾಡಿಕೊಳ್ಳಿ. ಕೆಲಸ ಅರ್ಧಕ್ಕೆ ಬಂದಾಗ ಪಾಸ್‌ವರ್ಡ್ ಕೇಳಿ, ಅದು ಗೊತ್ತಿಲ್ಲದೆ ನಿಂತರೆ ಕಷ್ಟ.

ಅರ್ಧ ಗಂಟೆ ಪುರುಸೊತ್ತು ಇರುವಾಗ ಕುಳಿತುಕೊಳ್ಳಿ. ಅರ್ಜಿಯ ಕೊನೆಯ ದಿನ, ಸರ್ವರ್ ಸಿಗದೆ ಒದ್ದಾಡುವ ಹೊತ್ತಿನಲ್ಲಿ ಸಿಂಕ್ ಸೆಟ್ಟಿಂಗ್ ಮುಟ್ಟಬೇಡಿ.

## ಹಂತ 1: ಯಾವ ಅಕೌಂಟ್ ಅಂತ ನೋಡಿ

ಕ್ರೋಮ್ ತೆರೆದು ಬಲಗಡೆ ಮೇಲಿನ ಗುಂಡನೆಯ ಪ್ರೊಫೈಲ್ ಚಿತ್ರ ಒತ್ತಿ. ಯಾವ ಜಿಮೇಲ್ ಇದೆ, ಸಿಂಕ್ ಆನ್ ಇದೆಯೋ ನಿಂತಿದೆಯೋ ಅಲ್ಲೇ ಕಾಣುತ್ತದೆ. ಫೋನಿನಲ್ಲಾದರೆ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಮೇಲ್ಗಡೆಯೇ ಅಕೌಂಟ್ ಹೆಸರು ಇರುತ್ತದೆ.

ಎರಡೂ ಕಡೆ ಇರುವ ವಿಳಾಸವನ್ನು ಅಕ್ಷರ ಅಕ್ಷರ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಜಾಸ್ತಿ ಜನ ಎಡವುವುದು ಇಲ್ಲೇ. ಫೋನ್ ತಗೊಂಡಾಗ ಅಂಗಡಿಯವರು ಒಂದು ಜಿಮೇಲ್ ಮಾಡಿಕೊಟ್ಟಿರುತ್ತಾರೆ. ಕಾಲೇಜಿಗೆ ಸೇರುವಾಗ ಇನ್ನೊಂದು ಆಗಿರುತ್ತದೆ. ಎರಡರಲ್ಲೂ ಅದೇ ಹೆಸರು, ಕೊನೆಯ ಅಂಕಿ ಮಾತ್ರ ಬೇರೆ. ಫೋನಿನಲ್ಲಿ ಒಂದು, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಇದ್ದರೆ ವರ್ಷ ಕಾದರೂ ಸಿಂಕ್ ಆಗುವುದಿಲ್ಲ. ಯಾವುದು ನಿಮ್ಮ ಮುಖ್ಯ ಅಕೌಂಟ್ ಅಂತ ಈಗಲೇ ತೀರ್ಮಾನಿಸಿ.

ಹೊಸ ಕ್ರೋಮ್‌ಗಳಲ್ಲಿ, ಮುಖ್ಯವಾಗಿ ಫೋನಿನಲ್ಲಿ, ‘ಸಿಂಕ್’ ಅನ್ನುವ ಬೇರೆ ಸ್ವಿಚ್ ಕಾಣದೇ ಇರಬಹುದು. ಲಾಗಿನ್ ಆದರೆ ಸಾಕು, ಬುಕ್‌ಮಾರ್ಕ್, ಪಾಸ್‌ವರ್ಡ್ ಅಕೌಂಟಿಗೆ ಸೇರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿದರೆ ಆನ್ ಆಫ್ ಮಾಡುವ ಪಟ್ಟಿ ಅಲ್ಲೇ ಸಿಗುತ್ತದೆ.

## ಹಂತ 2: ಏನನ್ನೂ ಮುಟ್ಟುವ ಮುಂಚೆ ಪ್ರತಿ ತೆಗೆದಿಡಿ

ದಯವಿಟ್ಟು ಈ ಹಂತ ಹಾರಿಸಬೇಡಿ. ಮುಂದೆ ಏನೇ ಎಡವಟ್ಟಾದರೂ ಕೈ ಹಿಡಿಯುವುದು ಇದೊಂದೇ.

ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಬುಕ್‌ಮಾರ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಬಲಗಡೆಯ ಮೂರು ಚುಕ್ಕಿ ಒತ್ತಿ ‘ಎಕ್ಸ್‌ಪೋರ್ಟ್ ಬುಕ್‌ಮಾರ್ಕ್ಸ್’ ಆರಿಸಿ. ಒಂದು ಎಚ್‌ಟಿಎಂಎಲ್ ಫೈಲ್ ಇಳಿಯುತ್ತದೆ. ಹೆಸರಿನ ಜೊತೆ ತಾರೀಖು ಸೇರಿಸಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಆಮೇಲೆ ಆ ಫೈಲನ್ನು ಒಂದು ಸಲ ತೆರೆದು ನೋಡಿ. ಭೂಮಿ ಪಹಣಿ ಪುಟ, ವಿಶ್ವವಿದ್ಯಾನಿಲಯದ ರಿಸಲ್ಟ್ ಪುಟ, ಕಟ್ಟೆ ಎಷ್ಟು ಅಡಿ ತುಂಬಿತು ಅಂತ ನೋಡುವ ಪುಟ, ಎಲ್ಲ ಸಾಲಾಗಿ ಕಾಣಬೇಕು.

ಪಾಸ್‌ವರ್ಡ್‌ಗಳನ್ನೂ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಿಂದ ಹೀಗೇ ಎಕ್ಸ್‌ಪೋರ್ಟ್ ಮಾಡಬಹುದು. ಆದರೆ ಆ ಸಿಎಸ್‌ವಿ ಫೈಲಿಗೆ ಬೀಗವೇ ಇಲ್ಲ. ಯಾರು ತೆರೆದರೂ ಎಲ್ಲ ಪಾಸ್‌ವರ್ಡ್ ಹಾಗೆ ಹಾಗೇ ಓದಬಹುದು. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅಂಗಡಿಯಲ್ಲಿ ಪ್ರಿಂಟ್ ತೆಗೆಸಬೇಡಿ. ನಾನು ಹೇಳುವುದು ಬೇರೆ ದಾರಿ: ಮುಖ್ಯವಾದ ಹತ್ತು ಹನ್ನೆರಡು ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಬರೆದು ಮನೆಯ ಬೀರುವಿನಲ್ಲಿಡಿ. ಫೈಲ್ ಮಾಡಲೇಬೇಕಾಯಿತು ಅಂದರೆ ಕೆಲಸ ಮುಗಿದ ತಕ್ಷಣ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ.

## ಹಂತ 3: ಅಕೌಂಟಿಗೆ ಎರಡನೇ ಬೀಗ

ಸಿಂಕ್ ಆನ್ ಮಾಡಿದ ಮೇಲೆ ನಿಮ್ಮ ಜಿಮೇಲ್ ಪಾಸ್‌ವರ್ಡ್ ಬರೀ ಮೇಲ್‌ನ ಕೀಲಿಯಾಗಿ ಉಳಿಯುವುದಿಲ್ಲ. ಸೇವ್ ಮಾಡಿದ ಎಲ್ಲ ಪಾಸ್‌ವರ್ಡ್‌ಗಳ ಕೀಲಿಯೂ ಅದೇ ಆಗುತ್ತದೆ. ಹಾಗಾಗಿ ಗೂಗಲ್ ಅಕೌಂಟಿನ ‘ಸೆಕ್ಯುರಿಟಿ’ ಭಾಗಕ್ಕೆ ಹೋಗಿ ‘ಟೂ ಸ್ಟೆಪ್ ವೆರಿಫಿಕೇಷನ್’ ಆನ್ ಮಾಡಿ. ಪಾಸ್‌ವರ್ಡ್ ಹಾಕಿದ ಮೇಲೂ ಅದು ಇನ್ನೊಂದು ಗುರುತು ಕೇಳುತ್ತದೆ, ಹೆಚ್ಚಾಗಿ ಫೋನಿನಲ್ಲಿ.

ಅಲ್ಲೇ ಬ್ಯಾಕಪ್ ಕೋಡ್ ಸಿಗುತ್ತವೆ. ಎಂಟು ಅಂಕಿಯ 10 ಕೋಡ್, ಒಂದೊಂದನ್ನು ಒಂದೇ ಸಲ ಬಳಸಬಹುದು. ಬರೆದು ಅದೇ ಬೀರುವಿನಲ್ಲಿಡಿ. ಫೋನ್ ಕಳೆದ ದಿನ ಒಳಗೆ ಹೋಗಲು ಬೇರೆ ದಾರಿ ಬೇಕಲ್ವಾ?

## ಹಂತ 4: ಎಲ್ಲವನ್ನೂ ಬೇಡ, ಬೇಕಾದ್ದನ್ನು ಆರಿಸಿ

ಸೆಟ್ಟಿಂಗ್ಸ್, ಅದರಲ್ಲಿ ‘ಯು ಅಂಡ್ ಗೂಗಲ್’, ಅದರೊಳಗೆ ‘ಸಿಂಕ್ ಅಂಡ್ ಗೂಗಲ್ ಸರ್ವಿಸಸ್’, ಆಮೇಲೆ ‘ಮ್ಯಾನೇಜ್ ವಾಟ್ ಯು ಸಿಂಕ್’. ಅಲ್ಲಿ ‘ಸಿಂಕ್ ಎವೆರಿಥಿಂಗ್’ ಆರಿಸಿದ್ದರೆ ತೆಗೆದು ‘ಕಸ್ಟಮೈಸ್ ಸಿಂಕ್’ ಒತ್ತಿ. ಈಗ ಒಂದೊಂದು ಸ್ವಿಚ್ಚನ್ನೂ ಬೇರೆ ಬೇರೆಯಾಗಿ ಆನ್ ಆಫ್ ಮಾಡಬಹುದು.

ಬುಕ್‌ಮಾರ್ಕ್ ಆನ್ ಇರಲಿ. ಪಾಸ್‌ವರ್ಡ್ ಆನ್ ಇಡುವುದಾದರೆ ಫೋನಿಗೂ ಲ್ಯಾಪ್‌ಟಾಪಿಗೂ ಸ್ಕ್ರೀನ್ ಲಾಕ್ ಇರಲೇಬೇಕು. ಮಕ್ಕಳು ಆಟಕ್ಕೆ ತಗೊಳ್ಳುವ ಫೋನಾದರೆ ಪಾವತಿ ವಿವರ, ಅಂದರೆ ಕಾರ್ಡ್ ನಂಬರ್ ಆಫ್ ಇರಲಿ. ಹಿಸ್ಟರಿ ಮತ್ತು ತೆರೆದ ಟ್ಯಾಬ್ ನಿಮ್ಮಿಷ್ಟ. ನಾನಂತೂ ಹಿಸ್ಟರಿ ಆಫ್ ಇಟ್ಟಿದ್ದೇನೆ. ಮನೆಯ ಫೋನಿನಲ್ಲಿ ಆಸ್ಪತ್ರೆ ಬಗ್ಗೆ ಹುಡುಕಿದ್ದು ಅಂಗಡಿಯಲ್ಲಿ ಗಿರಾಕಿ ಎದುರು ಟೈಪ್ ಮಾಡುವಾಗ ಸಾಲಾಗಿ ತೋರಿಸುವುದು ನನಗೆ ಬೇಡ. ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ, ಮಾತ್ರ ಯೋಚಿಸಿ ಆನ್ ಮಾಡಿ. ಒಂದು ಕಡೆ ಕೆಟ್ಟ ಎಕ್ಸ್‌ಟೆನ್ಷನ್ ಸೇರಿಕೊಂಡರೆ ನಿಮ್ಮ ಇನ್ನೊಂದು ಕಂಪ್ಯೂಟರಿಗೂ ಅದು ಬರುತ್ತದೆ.

ಒಂದು ಸ್ವಿಚ್ ಆಫ್ ಮಾಡಿದರೆ ಅಲ್ಲಿಂದ ಮುಂದೆ ಆ ಕಂಪ್ಯೂಟರಿನ ಆ ವಿಷಯ ಹೋಗಿ ಬರುವುದು ನಿಲ್ಲುತ್ತದೆ, ಅಷ್ಟೆ. ಈಗಾಗಲೇ ಅಕೌಂಟಿಗೆ ಸೇರಿದ್ದು ಅಳಿಯುವುದಿಲ್ಲ. ಜೊತೆಗೆ ಈ ಆಯ್ಕೆಯನ್ನು ಫೋನಿನಲ್ಲಿ ಬೇರೆ, ಲ್ಯಾಪ್‌ಟಾಪಿನಲ್ಲಿ ಬೇರೆ ಮಾಡಬೇಕು.

## ಹಂತ 5: ಪಾಸ್‌ಫ್ರೇಸ್ ಬೇಕಾ?

ಅದೇ ಪುಟದ ಕೆಳಗೆ ಎನ್‌ಕ್ರಿಪ್ಷನ್, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡುವ ಆಯ್ಕೆ ಇದೆ. ಜಿಮೇಲ್ ಪಾಸ್‌ವರ್ಡ್ ಅಲ್ಲದೆ ನಿಮ್ಮದೇ ಒಂದು ಪಾಸ್‌ಫ್ರೇಸ್ ಇಟ್ಟರೆ ಸಿಂಕ್ ಆದದ್ದರಲ್ಲಿ ಗೂಗಲ್ ಪೇನ ಪಾವತಿ ವಿವರ, ವಿಳಾಸ ಬಿಟ್ಟು ಉಳಿದದ್ದನ್ನು ಗೂಗಲ್ ಕೂಡ ಓದಲಾಗುವುದಿಲ್ಲ. ಆದರೆ ಅದನ್ನು ಮರೆತರೆ ಯಾರೂ ಹೇಳಿಕೊಡಲಾರರು.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ, ರಿಟೈರ್ಡ್ ಮೇಷ್ಟ್ರು. ಹೊಸ ಫೋನ್ ತಗೊಂಡ ದಿನ ಕರೆ ಮಾಡಿ, “ಅದ್ಯಾವುದೋ ಪಾಸ್‌ಫ್ರೇಸ್ ಕೇಳ್ತಿದೆ ಮಗಾ, ಜಿಮೇಲ್‌ದು ಹಾಕಿದ್ರೆ ತಗೊಳ್ತಿಲ್ಲ” ಅಂದರು. ಯಾವಾಗಲೋ ಇಟ್ಟು ಮರೆತಿದ್ದರು. ಅವರ ಹಳೇ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿತ್ತು, ಅದೇ ಪುಣ್ಯ. ಮೊದಲು ಅದರಿಂದ ಬುಕ್‌ಮಾರ್ಕ್ ಎಕ್ಸ್‌ಪೋರ್ಟ್ ಮಾಡಿಸಿದೆ. ಆಮೇಲೆ ಕ್ರೋಮ್ ಡಾಟ್ ಗೂಗಲ್ ಡಾಟ್ ಕಾಮ್ ಸ್ಲ್ಯಾಶ್ ಸಿಂಕ್ ಪುಟಕ್ಕೆ ಹೋಗಿ, ಕೆಳಗಿರುವ ‘ಡಿಲೀಟ್ ಡೇಟಾ’ ಒತ್ತಿಸಿದೆ. ಇದು ಗೂಗಲ್ ಸರ್ವರಿನಲ್ಲಿರುವುದನ್ನು ಅಳಿಸುತ್ತದೆ, ಪಾಸ್‌ಫ್ರೇಸೂ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಇರುವುದು ಹಾಗೇ ಉಳಿಯುತ್ತದೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಮೊದಲು ಸಿಂಕ್ ಆನ್ ಮಾಡಿ, ಅದು ಮೇಲೆ ಹೋದ ನಂತರ ಫೋನಿನಲ್ಲಿ ಆನ್ ಮಾಡಿದೆವು.

ನನ್ನನ್ನು ಕೇಳಿದರೆ, ಬರೆದಿಡುವ ಅಭ್ಯಾಸ ಇಲ್ಲದವರಿಗೆ ಪಾಸ್‌ಫ್ರೇಸ್ ಬೇಡ. ಎರಡನೇ ಬೀಗ ಸಾಕು.

## ಹಂತ 6: ಇನ್ನೊಂದು ಫೋನ್ ಅಥವಾ ಕಂಪ್ಯೂಟರ್ ಸೇರಿಸಿ

ಹೊಸ ಕಂಪ್ಯೂಟರಿನಲ್ಲಿ ಬೇರೆಯವರ ಬುಕ್‌ಮಾರ್ಕ್ ಇದ್ದರೆ ಅದೇ ಪ್ರೊಫೈಲಿಗೆ ಲಾಗಿನ್ ಆಗಬೇಡಿ. ಅವರದು ನಿಮ್ಮದು ಎರಡೂ ಕಲೆತುಹೋಗುತ್ತವೆ. ಆಮೇಲೆ ಬಿಡಿಸುವುದು ರಾಗಿ, ಸಾಸಿವೆ ಬೆರೆತ ಮೇಲೆ ಆರಿಸಿದ ಹಾಗೆ. ಪ್ರೊಫೈಲ್ ಚಿತ್ರ ಒತ್ತಿ ಹೊಸ ಪ್ರೊಫೈಲ್ ಸೇರಿಸಿ, ಅದರಲ್ಲಿ ಲಾಗಿನ್ ಆಗಿ. ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದು ನಾಲ್ಕು ಜನ ಬಳಸಿದರೂ ಹೀಗೇ: ಒಬ್ಬೊಬ್ಬರಿಗೆ ಒಂದೊಂದು ಪ್ರೊಫೈಲ್.

ಲಾಗಿನ್ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿನಲ್ಲಿ ಯಾವುದಾದರೂ ಪುಟಕ್ಕೆ ‘ಪರೀಕ್ಷೆ’ ಅಂತ ಹೆಸರಿಟ್ಟು ಬುಕ್‌ಮಾರ್ಕ್ ಮಾಡಿ. ಫೋನಿನಲ್ಲಿ ಬಂತಾ ನೋಡಿ. ಬಂದರೆ ಈಗ ಅದನ್ನು ಫೋನಿನಲ್ಲಿ ಅಳಿಸಿ, ಲ್ಯಾಪ್‌ಟಾಪಿನಲ್ಲಿ ಕಣ್ಣಿಟ್ಟಿರಿ. ಸ್ವಲ್ಪ ಹೊತ್ತಿಗೆ ಅಲ್ಲೂ ಮಾಯವಾಗುತ್ತದೆ. ಒಂದು ಸಲ ಇದನ್ನು ಕಣ್ಣಾರೆ ನೋಡಿದವರು ಆಮೇಲೆ ಸುಮ್ನೆ ಸುಮ್ನೆ ಡಿಲೀಟ್ ಒತ್ತಿದ್ದನ್ನು ನಾನು ಕಂಡಿಲ್ಲ.

## ಹಂತ 7: ಬೇರೆಯವರ ಕಂಪ್ಯೂಟರಿನಲ್ಲಿ ಕೂತಾಗ

ಸೆಂಟರ್, ಕಾಲೇಜ್ ಲ್ಯಾಬ್, ಆಫೀಸು, ಸ್ನೇಹಿತರ ರೂಮು, ಎಲ್ಲಕ್ಕೂ ಇದೇ ನಿಯಮ.

ಒಳ್ಳೆಯ ದಾರಿ ಗೆಸ್ಟ್ ಕಿಟಕಿ. ಪ್ರೊಫೈಲ್ ಚಿತ್ರ ಒತ್ತಿ ‘ಗೆಸ್ಟ್’ ಆರಿಸಿ. ಅಲ್ಲಿ ಸಿಂಕ್ ಆಗುವುದೇ ಇಲ್ಲ. ಗೆಸ್ಟ್ ಕಿಟಕಿಗಳನ್ನೆಲ್ಲ ಮುಚ್ಚಿದರೆ ಹಿಸ್ಟರಿ, ಲಾಗಿನ್ ಎಲ್ಲ ಹೋಗುತ್ತವೆ. ಒಂದನ್ನು ಮಾತ್ರ ನೀವೇ ಅಳಿಸಬೇಕು, ಡೌನ್‌ಲೋಡ್ ಆದ ಫೈಲ್‌ಗಳನ್ನು. ನಮ್ಮ ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರನ್ನು ನಾನು ಪ್ರತಿ ಸಂಜೆ ಬಾಗಿಲು ಹಾಕುವ ಮುಂಚೆ ಖಾಲಿ ಮಾಡುತ್ತೇನೆ. ದಿನಾ ಅದರಲ್ಲಿ ಯಾರದ್ದಾದರೂ ಆಧಾರ್ ಕಾರ್ಡ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇದ್ದೇ ಇರುತ್ತದೆ. ಎಲ್ಲ ಅಂಗಡಿಯಲ್ಲೂ ಖಾಲಿ ಮಾಡುತ್ತಾರೆ ಅಂತ ನಂಬಿ ಎದ್ದು ಹೋಗಬೇಡಿ.

ಗೆಸ್ಟ್ ಇಲ್ಲದೆ ಮಾಮೂಲಿ ಕಿಟಕಿಯಲ್ಲಿ ಜಿಮೇಲ್ ತೆರೆದರೆ, ಕ್ರೋಮ್‌ಗೂ ಲಾಗಿನ್ ಆಗುತ್ತೀರಾ, ಸಿಂಕ್ ಆನ್ ಮಾಡಲಾ ಅಂತ ಕೇಳಬಹುದು. ಅರ್ಜಿಯ ಅವಸರದಲ್ಲಿ ಜನ ಓದದೆ ನೀಲಿ ಬಟನ್ ಒತ್ತುತ್ತಾರೆ. ಬೇಡ ಅನ್ನಿ.

ಒತ್ತಿಬಿಟ್ಟಿದ್ದರೆ ಕ್ರಮ ಹೀಗೆ. ಮೊದಲು ಸಿಂಕ್ ಆಫ್, ಆಮೇಲೆ ಅಳಿಸುವುದು. ಹಿಂದುಮುಂದಾಗಬಾರದು.

ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನ ಪಕ್ಕದ ‘ಟರ್ನ್ ಆಫ್’ ಒತ್ತಿ. ಈ ಕಂಪ್ಯೂಟರಿನಿಂದ ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್ ತೆಗೆಯಲಾ ಅಂತ ಕೇಳುವ ಒಂದು ಚೌಕ ಬರುತ್ತದೆ. ಅದು ನಿಮಗಾಗಿಯೇ ಮಾಡಿದ ಪ್ರೊಫೈಲ್ ಆದರೆ ಟಿಕ್ ಹಾಕಿ. ಅಂಗಡಿಯವರ ಪ್ರೊಫೈಲಿಗೇ ಲಾಗಿನ್ ಆಗಿದ್ದರೆ ಅವರನ್ನು ಕರೆದು ತೋರಿಸಿ, ಕೇಳಿ ಟಿಕ್ ಹಾಕಿ, ಯಾಕೆಂದರೆ ಅವರದೂ ಅದರ ಜೊತೆ ಹೋಗುತ್ತದೆ. ಸಿಂಕ್ ಆಫ್ ಆದ ಮೇಲೆ ಇಲ್ಲಿ ಅಳಿಸಿದ್ದು ನಿಮ್ಮ ಫೋನನ್ನು ಮುಟ್ಟುವುದಿಲ್ಲ. ‘ಟರ್ನ್ ಆಫ್’ ಇಲ್ಲದೆ ಬರೀ ‘ಸೈನ್ ಔಟ್’ ಇದ್ದರೆ ಅದನ್ನು ಒತ್ತಿ, ಆಮೇಲೆ ಉಳಿದದ್ದೇನಾದರೂ ಇದೆಯಾ ನೋಡಿ.

ಅಂಗಡಿ ನಡೆಸುವವರಿಗೆ ಒಂದು ಮಾತು. ‘ಸಿಂಕ್ ಅಂಡ್ ಗೂಗಲ್ ಸರ್ವಿಸಸ್’ ಒಳಗೆ ‘ಅಲೌ ಕ್ರೋಮ್ ಸೈನ್ ಇನ್’ ಅಂತ ಒಂದು ಸ್ವಿಚ್ ಇದೆ. ಅದನ್ನು ಆಫ್ ಮಾಡಿಬಿಡಿ. ಗಿರಾಕಿ ಜಿಮೇಲ್ ತೆರೆದರೂ ಬ್ರೌಸರಿಗೆ ಲಾಗಿನ್ ಆಗುವುದಿಲ್ಲ. ನಾವು ಹಾಗೆ ಮಾಡಿದ ಮೇಲೆ ನಮ್ಮ ಕಂಪ್ಯೂಟರಿನಲ್ಲಿ ಪರರ ಬುಕ್‌ಮಾರ್ಕ್ ಬಂದು ಕೂತಿಲ್ಲ.

## ಹಂತ 8: ಆಗಲೇ ಬಿಟ್ಟು ಬಂದಿದ್ದರೆ

ಊರಿಗೆ ಬಸ್ ಹತ್ತಿದ ಮೇಲೆ ನೆನಪಾಯಿತು ಅನ್ನಿ. ಫೋನಿನಲ್ಲೇ ಗೂಗಲ್ ಅಕೌಂಟ್ ತೆರೆದು ‘ಸೆಕ್ಯುರಿಟಿ’ಗೆ ಹೋಗಿ. ‘ಯುವರ್ ಡಿವೈಸಸ್’ ಪಟ್ಟಿಯಲ್ಲಿ ಆ ಕಂಪ್ಯೂಟರ್ ಹುಡುಕಿ ಸೈನ್ ಔಟ್ ಮಾಡಿ.

ಇಷ್ಟಕ್ಕೆ ನೆಮ್ಮದಿಯಾಗಬೇಡಿ. ಹೀಗೆ ದೂರದಿಂದ ಸೈನ್ ಔಟ್ ಮಾಡಿದರೆ ಹೊಸದಾಗಿ ಸಿಂಕ್ ಆಗುವುದು ನಿಲ್ಲುತ್ತದೆ. ಆದರೆ ಆ ಕಂಪ್ಯೂಟರಿಗೆ ಆಗಲೇ ಇಳಿದುಹೋದ ಪಾಸ್‌ವರ್ಡ್, ಬುಕ್‌ಮಾರ್ಕ್ ಅಲ್ಲೇ ಉಳಿದಿರಬಹುದು. ಅದಕ್ಕೇ ಅದೇ ದಿನ ಜಿಮೇಲ್, ಬ್ಯಾಂಕ್, ಸ್ಕಾಲರ್‌ಶಿಪ್ ಪಾಸ್‌ವರ್ಡ್ ಬದಲಿಸಿ. ಮೊದಲು ಜಿಮೇಲ್, ಯಾಕೆಂದರೆ ಬೇರೆ ಪಾಸ್‌ವರ್ಡ್ ರೀಸೆಟ್ ಮಾಡುವ ಮೇಲ್ ಬರುವುದು ಅಲ್ಲಿಗೇ.

## ಫೈರ್‌ಫಾಕ್ಸ್ ಬಳಸುವವರು

ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್’ ಅಂತಲೇ ಇದೆ. ಅಲ್ಲಿ ಏನು ಬೇಕೋ ಆರಿಸಬಹುದು, ಕಂಪ್ಯೂಟರಿಗೆ ಹೆಸರೂ ಇಡಬಹುದು. ‘ಮನೆ ಲ್ಯಾಪ್‌ಟಾಪ್’ ಅಂತ ಹೆಸರಿಟ್ಟರೆ ಪಟ್ಟಿಯಲ್ಲಿ ಗೊತ್ತಾಗುತ್ತದೆ.

ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಸಿಂಕ್ ಆದದ್ದಕ್ಕೆ ಅಕೌಂಟ್ ಪಾಸ್‌ವರ್ಡೇ ಕೀಲಿ. ರಿಕವರಿ ಕೀ (ಪಾಸ್‌ವರ್ಡ್ ಮರೆತಾಗ ಬಳಸಲು ಮೊದಲೇ ಮಾಡಿಡುವ ಕೋಡ್) ಇಲ್ಲದೆ ಪಾಸ್‌ವರ್ಡ್ ರೀಸೆಟ್ ಮಾಡಿದರೆ ಸರ್ವರಿನಲ್ಲಿ ಇದ್ದದ್ದು ಹೋಗುತ್ತದೆ. ಹಾಗಾಗಿ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಕೀ ಈಗಲೇ ಮಾಡಿ ಬರೆದಿಡಿ. ಪಾಸ್‌ವರ್ಡ್ ಮರೆತಿದ್ದರೆ, ರೀಸೆಟ್ ಒತ್ತುವ ಮುಂಚೆ ಬುಕ್‌ಮಾರ್ಕ್ ಇರುವ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಓ ಒತ್ತಿ, ‘ಇಂಪೋರ್ಟ್ ಅಂಡ್ ಬ್ಯಾಕಪ್’ನಿಂದ ಬ್ಯಾಕಪ್ ತೆಗೆಯಿರಿ. ಫೈರ್‌ಫಾಕ್ಸ್ ತಾನೇ ಆಗಾಗ ತೆಗೆದಿಟ್ಟ ಹಳೆಯ ಬ್ಯಾಕಪ್‌ಗಳೂ ಅದೇ ಮೆನುವಿನ ‘ರೀಸ್ಟೋರ್’ನಲ್ಲಿ ತಾರೀಖಿನ ಸಮೇತ ಸಿಗುತ್ತವೆ.

## ಈ ಸೂಚನೆ ಕಂಡರೆ ನಿಲ್ಲಿ

ಪ್ರೊಫೈಲ್ ಚಿತ್ರದ ಹತ್ತಿರ ‘ಪಾಝ್ಡ್’ (Paused) ಅಂತ ಬಂದರೆ ಸಿಂಕ್ ನಿಂತಿದೆ. ಮತ್ತೆ ಲಾಗಿನ್ ಆದರೆ ಸರಿಹೋಗುತ್ತದೆ. ದಿನಾ ಹೀಗೇ ಆದರೆ, ಕಿಟಕಿ ಮುಚ್ಚಿದಾಗ ಕುಕೀ (ಲಾಗಿನ್ ನೆನಪಿಡುವ ಸಣ್ಣ ಫೈಲ್) ಅಳಿಸುವ ಸೆಟ್ಟಿಂಗ್ ಆನ್ ಇದೆಯಾ ನೋಡಿ.

ಒಂದೇ ಬುಕ್‌ಮಾರ್ಕ್ ಎರಡೆರಡು ಸಲ ಕಾಣುತ್ತಿದ್ದರೆ ಒಂದೇ ಫೈಲನ್ನು ಎರಡು ಸಲ ಇಂಪೋರ್ಟ್ ಮಾಡಿರಬಹುದು, ಅಂದರೆ ಬ್ರೌಸರಿಗೆ ವಾಪಸ್ ಸೇರಿಸಿರಬಹುದು. ಗುರುತೇ ಇಲ್ಲದ ಬುಕ್‌ಮಾರ್ಕ್ ಬಂದಿದ್ದರೆ ನಿಮ್ಮ ಅಕೌಂಟ್ ಇನ್ನೆಲ್ಲೋ ತೆರೆದಿದೆ, ಅಥವಾ ಇನ್ನೊಬ್ಬರದು ಕಲೆತಿದೆ. ಆಗ ಹಂತ 8ಕ್ಕೆ ಹೋಗಿ.

## ಅಳಿಸಿಯೇ ಹೋಗಿದ್ದರೆ

ಕೆಲವು ಕ್ಷಣಗಳ ಹಿಂದೆ ಅಳಿಸಿದ್ದರೆ ಬುಕ್‌ಮಾರ್ಕ್ ಮ್ಯಾನೇಜರಿನಲ್ಲೇ ಕಂಟ್ರೋಲ್, ಝಡ್ ಒತ್ತಿ. ವಾಪಸ್ ಬರುತ್ತದೆ.

ಹೊತ್ತಾಗಿದ್ದರೆ, ಅದೇ ಅಕೌಂಟ್ ಇದ್ದು, ಅಳಿಸಿದ ಮೇಲೆ ಇನ್ನೂ ಆನ್ ಆಗದ ಕಂಪ್ಯೂಟರ್ ಮನೆಯಲ್ಲಿ ಇದೆಯಾ ಯೋಚಿಸಿ. ಇದ್ದರೆ ಇಂಟರ್ನೆಟ್ ಸಿಗದ ಹಾಗೆ ಮಾಡಿ ಅದನ್ನು ಆನ್ ಮಾಡಿ. ಮನೆಯ ವೈಫೈ ಆಫ್, ಫೋನಿನ ಹಾಟ್‌ಸ್ಪಾಟ್ ಆಫ್. ಅದಕ್ಕೆ ಅಳಿಸಿದ ಸುದ್ದಿ ತಲುಪುವ ಮುಂಚೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು.

ಅದೂ ಇಲ್ಲದಿದ್ದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಕ್ರೋಮ್‌ನ ಯೂಸರ್ ಡೇಟಾ ಫೋಲ್ಡರಿನಲ್ಲಿ, ಡಿಫಾಲ್ಟ್ ಒಳಗೆ ‘ಬುಕ್‌ಮಾರ್ಕ್ಸ್ ಡಾಟ್ ಬ್ಯಾಕ್’ ಅಂತ ಒಂದು ಫೈಲ್ ಇರುತ್ತದೆ, ಹಿಂದಿನ ಸ್ಥಿತಿಯದು. ಕ್ರೋಮ್ ಮತ್ತೆ ಮತ್ತೆ ತೆರೆದು ಮುಚ್ಚಿದರೆ ಅದರ ಮೇಲೂ ಹೊಸದು ಬರೆದುಹೋಗುತ್ತದೆ. ಹಾಗಾಗಿ ಬೇರೇನೂ ಮಾಡದೆ ಮೊದಲು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಪಾಂಡವಪುರದ ಆ ಹುಡುಗನ ಅಕೌಂಟ್ ಅವರ ಅಕ್ಕನ ಲ್ಯಾಪ್‌ಟಾಪಿನಲ್ಲೂ ಬೇರೆ ಪ್ರೊಫೈಲಿನಲ್ಲಿತ್ತು. ಅಕ್ಕ ಹಬ್ಬಕ್ಕೆ ಬಂದು ಹೋದ ಮೇಲೆ ಅದು ಚೀಲದಿಂದ ಹೊರಗೆ ಬಂದಿರಲಿಲ್ಲ. “ಆನ್ ಮಾಡ್ಬ್ಯಾಡ ಅಂತ ಈಗಲೇ ಫೋನ್ ಮಾಡಪ್ಪ” ಅಂದೆ. ಮಾಡಿದ. ಸಂಜೆ ಅಕ್ಕ ವೈಫೈ ಆಫ್ ಮಾಡಿ, ನಾನು ಫೋನಿನಲ್ಲಿ ಹೇಳಿದ ಹಾಗೆ ಒಂದೊಂದೇ ಒತ್ತುತ್ತಾ ಹೋದರು. ಬುಕ್‌ಮಾರ್ಕ್ ಫೈಲ್ ಪೆನ್‌ಡ್ರೈವಿಗೆ ಬಂತು. ಪಾಸ್‌ವರ್ಡ್‌ಗಳನ್ನು ಪರದೆ ನೋಡಿ ಕಾಗದದಲ್ಲಿ ಬರೆದುಕೊಂಡರು. ಅದೆಲ್ಲ ಮುಗಿದ ಮೇಲೆ ವೈಫೈ ಆನ್ ಮಾಡಿಸಿದೆ. ಲ್ಯಾಪ್‌ಟಾಪಿನ ಬುಕ್‌ಮಾರ್ಕ್‌ಗಳು ಅವರ ಕಣ್ಣೆದುರೇ ಒಂದು ಸಲ ಖಾಲಿಯಾದವು. ಫೈಲನ್ನು ಇಂಪೋರ್ಟ್ ಮಾಡಿದಾಗ ಲ್ಯಾಪ್‌ಟಾಪಿಗೂ ಬಂದವು, ಹುಡುಗನ ಫೋನಿಗೂ ಬಂದವು.